ಮಾಲಿಯ ಪಕ್ಕದ ಕ

ಒಂದು ಅಕ್ಷರದಿಂದ ಏನು ಮಹಾ ಆಗಿಬಿಡುತ್ತದೆ ಎನ್ನುವವರು ಹೋಗಿ ಹುಲ್ಲಪ್ಪನನ್ನು ಕೇಳಬೇಕು. ಆದರೆ ಅವನು ಊಟಕ್ಕೆ ಕೂತಾಗ ಮಾತ್ರ ಕೇಳಬಾರದು. ಹಾಗೆ ಕೇಳಲು ಹೋದ ದೊಡ್ಡ ಮನುಷ್ಯರೊಬ್ಬರ ಗತಿ ಏನಾಯಿತು ಎಂಬುದೇ ಈ ಕಥೆ.

ಹುಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ಫುಟ್‌ಬಾಲ್ ತಂಡದ ಮೈದಾನಕ್ಕೆ ಅವನು ಇಪ್ಪತ್ತೆರಡು ವರ್ಷದಿಂದ ಮಾಲಿ. ಹುಲ್ಲು ಬೆಳೆಸುವುದು, ಕತ್ತರಿಸುವುದು, ನೀರು ಹಾಯಿಸುವುದು, ಪಂದ್ಯದ ಹಿಂದಿನ ದಿನ ಸುಣ್ಣದ ಗೆರೆ ಎಳೆಯುವುದು, ಇಷ್ಟು ಅವನ ಕೆಲಸ. ಆಟಗಾರರು ತಮಾಷೆಗೆ ಕರೆದ ಹೆಸರು ಹೆಂಡತಿಯ ತವರಿನ ತನಕ ಹೋಗಿ ಅಲ್ಲೇ ಕಾಯಂ ಆಯಿತು. ಅವನು ಕೆಲಸಕ್ಕೆ ಸೇರಿದ ವರ್ಷ ಆ ಜಾಗದಲ್ಲಿ ಲಾರಿಗಳು ನಿಲ್ಲುತ್ತಿದ್ದವು. ನೆಲದಲ್ಲಿ ಮಣ್ಣಿಗಿಂತ ಎಣ್ಣೆಯೇ ಹೆಚ್ಚಿತ್ತು. ಗಂಡ ಹೆಂಡತಿ ಇಬ್ಬರೂ ಮೊಣಕಾಲೂರಿ ಕೂತು ಗೇಣಿಗೊಂದು ಗರಿಕೆ ನೆಟ್ಟು, ಒಂದೊಂದು ಬುಡಕ್ಕೂ ನೀರು ಹನಿಸಿ, ಮೂರು ವರ್ಷಕ್ಕೆ ಮೈದಾನವನ್ನು ಹಸಿರು ಮಾಡಿದರು. ಬಲಗಡೆಯ ಗೋಲಿನ ಪಕ್ಕದ ಮೂಲೆ ಪೂರ್ತಿ ಹೆಂಡತಿ ನೆಟ್ಟದ್ದು. ಅವಳು ಈಗಲೂ ಅದನ್ನು "ನನ್ನ ಮೂಲೆ" ಎಂದೇ ಅನ್ನುತ್ತಾಳೆ. ಅಲ್ಲಿ ಯಾರಾದರೂ ಜಾರಿ ಬಿದ್ದರೆ ಬಿದ್ದವನ ಕಾಲು ನೋಡುವುದಿಲ್ಲ, ಹುಲ್ಲು ನೋಡುತ್ತಾಳೆ.

ತಂಡದ ಮಾಲೀಕರು ಹಾಸಿಗೆ ಕಾರ್ಖಾನೆಯ ಸಾಹುಕಾರರು. ಎಂಟು ವರ್ಷದ ಹಿಂದೆ ಯಾವುದೋ ಹುಮ್ಮಸ್ಸಿನಲ್ಲಿ ತಂಡ ಕೊಂಡಿದ್ದರು. ಆಟಗಾರರ ಬೆನ್ನ ಮೇಲೆ 'ಸುಖನಿದ್ರೆ' ಎಂದು ಗೇಣುದ್ದದ ಅಕ್ಷರ ಅಚ್ಚು ಹಾಕಿಸಿದ್ದರು. ತಂಡವೂ ಉಂಡ ಮನೆಗೆ ದ್ರೋಹ ಬಗೆಯದೆ, ಬೆನ್ನ ಮೇಲೆ ಬರೆದದ್ದಕ್ಕೆ ತಕ್ಕ ಹಾಗೆಯೇ ಆಡುತ್ತಿತ್ತು. ಸಾಹುಕಾರರು ಮೊದಲ ವರ್ಷ ಎಲ್ಲ ಪಂದ್ಯಕ್ಕೂ ಬಂದರು, ಎರಡನೆಯ ವರ್ಷ ಅರ್ಧಕ್ಕೆ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಹೀಗಾಗಿ ಅವರ ಮುಖ ಈಗ ಮೈದಾನದ ಗೇಟಿಗೂ ಮರೆತುಹೋಗಿತ್ತು.

ಇನ್ನು ಆ ಅಕ್ಷರದ ಕಥೆಗೆ ಬರೋಣ. ಮೈದಾನದ ಗೇಟು ದಾಟಿದರೆ ಎಡಕ್ಕೆ ಒಂದು ತಗಡಿನ ಮಾಡಿನ ಕೋಣೆ ಇದೆ. ಹುಲ್ಲು ಕತ್ತರಿಸುವ ಯಂತ್ರ, ರಬ್ಬರ್ ಪೈಪು, ಸುಣ್ಣದ ಚೀಲ ಎಲ್ಲ ಅಲ್ಲಿ. ಅದರ ಹಿಂದಿನ ಒಂದೂವರೆ ಕೋಣೆಯಲ್ಲಿ ಹುಲ್ಲಪ್ಪನ ಸಂಸಾರ. ಬಾಗಿಲ ಮೇಲೆ 'ಮಾಲಿ ಕೊಠಡಿ' ಎಂದು ಅವನ ಭಾವಮೈದುನ ಬಣ್ಣದಲ್ಲಿ ಬರೆದುಕೊಟ್ಟಿದ್ದ. ಅವನು ಬೋರ್ಡು ಬರೆಯುವ ಕಸುಬಿನವನು. ಆದರೆ ಅಕ್ಕನ ಮನೆಗೆ ಪುಕ್ಕಟೆ ಬರೆದದ್ದರಿಂದ ಬಣ್ಣಕ್ಕೆ ನೀರು ಸ್ವಲ್ಪ ಧಾರಾಳವಾಗಿಯೇ ಬೆರೆಸಿದ್ದ. ಮೂರೇ ವರ್ಷಕ್ಕೆ 'ಡಿ' ಉದುರಿತು, 'ಠ' ಉದುರಿತು, ಕೊನೆಗೆ 'ಕೊ'ದ ಒತ್ವವೂ ಚಕ್ಕೆ ಎದ್ದು ಹೋಯಿತು. ಉಳಿದದ್ದು 'ಮಾಲಿ ಕ'.

ಒಂದು ದಿನ ಹೊಸದಾಗಿ ಬಂದ ಹಾಲಿನವನು ಬೋರ್ಡು ನೋಡಿ "ಮಾಲಿಕರೇ, ದಿನಾ ಎಷ್ಟು ಹಾಕ್ಲಿ?" ಎಂದ. ಹುಲ್ಲಪ್ಪ ಅರ್ಧ ಲೀಟರಿನ ಬದಲು ಒಂದು ಲೀಟರು ಹಾಕಿಸಿಕೊಂಡ.

"ಬೋರ್ಡು ಸರಿ ಮಾಡ್ಸೋದಕ್ಕೆ ತಮ್ಮನ್ನ ಕರೀಲಾ?" ಎಂದು ಹೆಂಡತಿ ಕೇಳಿದಾಗೆಲ್ಲ ಅವನು, "ಈಗೇನು ಅವಸರ? ಬಿಸಿಲು ಕಮ್ಮಿ ಆಗ್ಲಿ," ಎನ್ನುತ್ತಿದ್ದ. ಬಿಸಿಲು ಕಡಿಮೆಯಾದರೆ, "ಮಳೆ ನಿಲ್ಲಲಿ," ಎನ್ನುತ್ತಿದ್ದ. ಒತ್ವ ಉದುರಿದ್ದು ತಾನಾಗಿಯೋ ಅಥವಾ ಅದರಲ್ಲಿ ಯಾರದಾದರೂ ಉಗುರಿನ ಪಾತ್ರ ಇತ್ತೋ ಎಂದು ಯಾರೂ ಕೇಳಿರಲಿಲ್ಲ. ಆದರೂ ಹುಲ್ಲಪ್ಪ, "ಗಾಳಿಗೇ ಹೋಯ್ತು, ನಾನು ಮುಟ್ಟೇ ಇಲ್ಲ," ಎಂದು ಎರಡು ಸಲ ತಾನಾಗಿಯೇ ಹೇಳಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಇವನನ್ನು ಕಳ್ಳ ಎಂದೂ ಯಾರೂ ಅಂದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಿಳಿ ಬೂಟು ಹಾಕಿ, ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡ ಒಬ್ಬಾತ ಬಂದು ಬೋರ್ಡನ್ನು ಎರಡು ಸಲ ಓದಿಕೊಂಡು ಬಾಗಿಲು ತಟ್ಟಿದ. ಅವನು ದಲ್ಲಾಳಿ. ಪರ ಊರಿನಲ್ಲಿ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆ ಇಟ್ಟಿದ್ದ ಧಣಿಯೊಬ್ಬರಿಗೆ ಫುಟ್‌ಬಾಲ್ ತಂಡ ಕೊಳ್ಳುವ ಆಸೆ ಹುಟ್ಟಿತ್ತು. "ಮೈದಾನಕ್ಕೆ ಹೋಗಿ ಮಾಲೀಕನ್ನ ನೋಡಿ ಬಾ," ಎಂದು ಅವರು ಇವನನ್ನು ಕಳಿಸಿದ್ದರು.

"ಮಾಲಿಕರು ಇದ್ದಾರಾ?"

ಹುಲ್ಲಪ್ಪ ಮೊಣಕೈ ತನಕ ಗೊಬ್ಬರ ಮೆತ್ತಿಕೊಂಡಿದ್ದ. "ನಾನೇ, ಹೇಳಿ," ಎಂದ.

ಈ 'ನಾನೇ' ಎಂದದ್ದು ತಪ್ಪೋ ಸುಳ್ಳೋ ಎಂದು ಮುಂದೆ ಊರಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅವನ ಪರವಾಗಿ ಹೇಳಬೇಕೆಂದರೆ, ಮೂರು ವರ್ಷದಿಂದ ಹಾಲಿನವನಿಗೂ ವಿಮೆಯವನಿಗೂ ಅವನು ಹಾಗೆಯೇ ಓಗೊಡುತ್ತಿದ್ದ. ನಾಲಿಗೆಗೆ ರೂಢಿಯಾಗಿಹೋಗಿತ್ತು, ಅಷ್ಟೇ.

ದಲ್ಲಾಳಿ ಗೊಬ್ಬರದ ಕೈ ನೋಡಿದ, ತಗಡಿನ ಮಾಡು ನೋಡಿದ. ನಿಜವಾದ ದೊಡ್ಡವರು ಹೀಗೇ ಸರಳವಾಗಿರುತ್ತಾರೆ ಎಂದು ಎಲ್ಲೋ ಕೇಳಿದ್ದು ನೆನಪಾಗಿ, ಸೊಂಟ ಅರ್ಧ ಬಗ್ಗಿಸಿ ನಮಸ್ಕಾರ ಮಾಡಿದ.

"ನೇರ ವಿಷಯಕ್ಕೇ ಬರ್ತೀನಿ. ನಿಮ್ಮ ಮಾಲು ಮಾರಾಟಕ್ಕಿದೆ ಅಂತ ಕೇಳ್ದೆ."

ಹುಲ್ಲಪ್ಪನ ಮುಖ ಕೆಂಪಾಯಿತು. ಮೈದಾನದ ಮೂಲೆಯಲ್ಲಿ ಹುಲ್ಲು ಸಮ ಮಾಡುವ ಹಳೆಯ ಕಬ್ಬಿಣದ ಉರುಳೆ ಇತ್ತು. ಗುಜರಿಯವನೊಬ್ಬ ಅದರ ಮೇಲೆ ಕಣ್ಣು ಹಾಕಿ ಮೂರು ಸಲ ಬಂದು ಹೋಗಿದ್ದ. "ನಮ್ಮ ಕಡೆ ದೊಡ್ಡೋರನ್ನ ಕಳಿಸ್ತೀನಿ, ಅವರ ಹತ್ರ ಮಾತಾಡಿ," ಎಂದು ಬೇರೆ ಹೇಳಿದ್ದ. ಬಂದನಲ್ಲ ದೊಡ್ಡವನು, ಬಿಳಿ ಬೂಟು ಹಾಕಿಕೊಂಡು!

"ಯಾರ್ರೀ ಹೇಳಿದ್ದು ಮಾರಾಟಕ್ಕಿದೆ ಅಂತ?"

"ಸಿಟ್ಟಾಗಬೇಡಿ. ನಾವೂ ವಿಚಾರಿಸಿಕೊಂಡೇ ಬಂದಿದ್ದೀವಿ. ಮಾಲು ಹಳೇದು. ತೂಕ ಜಾಸ್ತಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗೋದಕ್ಕೇ ಅರ್ಧ ಗಂಟೆ ಬೇಕು."

"ತೂಕ ಇರೋದೇ ಅದರ ಗುಣ ಕಣ್ರೀ! ತೂಕ ಇಲ್ದೆ ಹೋದ್ರೆ ಇಷ್ಟು ವರ್ಷ ನೆಲ ಕಚ್ಚಿ ನಿಲ್ತಿತ್ತಾ?"

ನೆಲ ಕಚ್ಚಿದ್ದೇನೋ ನಿಜ, ಪಟ್ಟಿಯಲ್ಲಿ ಕೊನೆಯ ಸ್ಥಾನ ಎಂದುಕೊಂಡ ದಲ್ಲಾಳಿ. "ನಮ್ಮ ಧಣಿಗಳ ಕೈಗೆ ಬಂದ್ರೆ ಒಂದೇ ತಿಂಗಳಲ್ಲಿ ಓಡೋ ಹಾಗೆ ಮಾಡ್ತಾರೆ," ಎಂದ.

"ಓಡೋದಾ?" ಹುಲ್ಲಪ್ಪ ಬೆಚ್ಚಿಬಿದ್ದ. "ತಲೆ ಸರಿ ಇದೆಯೇನ್ರೀ? ಅದು ಓಡಬಾರದು! ನಿಧಾನಕ್ಕೆ ಉರುಳಬೇಕು. ಓಡ್ತು ಅಂದ್ರೆ ಕೆಟ್ಟಿತು ಅಂತ್ಲೇ ಅರ್ಥ."

ದಲ್ಲಾಳಿ ಚೀಲದಿಂದ ಪುಸ್ತಕ ತೆಗೆದು 'ಓಡಬಾರದು, ಉರುಳಬೇಕು' ಎಂದು ಭಕ್ತಿಯಿಂದ ಬರೆದುಕೊಂಡ. "ಹೋಗಲಿ, ನಿಮ್ಮ ಷರತ್ತು ಏನು ಅಂತ ಆದ್ರೂ ಹೇಳಿ," ಎಂದ.

ಹುಲ್ಲಪ್ಪ ಗೋಡೆಗೆ ಹೊಡೆದಿದ್ದ ರಟ್ಟನ್ನು ತೋರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಜನರ ಕಾಟ ತಡೆಯಲಾರದೆ ಅವನು ಸ್ವಂತ ಕೈಯಿಂದ, ದಪ್ಪ ಮಸಿಯಲ್ಲಿ ಬರೆದಿಟ್ಟ ಕಟ್ಟಳೆಗಳು ಅವು.

'ಒಂದು: ಆಟಗಾರರ ಹೊರತು ಯಾರೂ ಬೂಟುಗಾಲಲ್ಲಿ ಹುಲ್ಲು ತುಳಿಯಬಾರದು. ಎರಡು: ಗೇಟಿನ ಒಳಗೆ ಇರುವ ಯಾವುದನ್ನೂ ಯಾರೂ ಗೇಟಿನ ಆಚೆ ಸಾಗಿಸಬಾರದು. ಮೂರು: ಮಾಲಿಯ ಒಪ್ಪಿಗೆ ಇಲ್ಲದೆ ಹುಲ್ಲಿನ ಮೇಲೆ ಏನನ್ನೂ ಹಾಸಬಾರದು, ಹರಡಬಾರದು, ಒಣಹಾಕಬಾರದು. ನಾಲ್ಕು: ಮಾಲಿ ಊಟ ಮಾಡುವಾಗ ಯಾರೂ ಕರೆಯಬಾರದು. ಐದು: ಬಲಗಡೆಯ ಗೋಲಿನ ಮುಂದೆ ಹುಲ್ಲು ಚಿಗುರುವ ತನಕ ಯಾರೂ ಕುಣಿಯಬಾರದು.'

ಎರಡನೆಯದು ರಬ್ಬರ್ ಪೈಪು ಕಳುವಾದ ಮಾರನೆಯ ದಿನ ಬರೆದದ್ದು. ಮೂರನೆಯದು ಕ್ಲಬ್ಬಿನ ಮ್ಯಾನೇಜರನ ಹೆಂಡತಿ ಮನೆಯ ರಜಾಯಿಗಳನ್ನೆಲ್ಲ ತಂದು ಹುಲ್ಲಿನ ಮೇಲೆ ಒಣಹಾಕಿದಾಗ ಹುಟ್ಟಿತು. ಐದನೆಯದು ಆರು ವರ್ಷದ ಹಿಂದಿನದು. ಆಗ ತಂಡ ಒಂದು ಗೋಲು ಹೊಡೆದಿತ್ತು.

"ಇಷ್ಟಕ್ಕೆ ಒಪ್ಪದೆ ಮಂತ್ರಿ ಬಂದ್ರೂ ಒಳಗೆ ಕಾಲಿಡಂಗಿಲ್ಲ," ಎಂದ ಹುಲ್ಲಪ್ಪ. "ಒಪ್ಪಿದ್ರೂ ಕೊಡಲ್ಲ. ಹೋಗಿ ಬನ್ನಿ."

ಮಾಲಿ ಎಂದು ಬರೆದದ್ದನ್ನು ದಲ್ಲಾಳಿ ಗಮನಿಸದೆ ಇರಲಿಲ್ಲ. ಕೋಟ್ಯಧಿಪತಿಗಳು ಎಲ್ಲಿ ಕಾಗುಣಿತ ನೋಡುತ್ತಾ ಕೂರುತ್ತಾರೆ ಎಂದುಕೊಂಡು, ಅಕ್ಷರ ಬಿಡದೆ ಹಾಗೇ ನಕಲು ಮಾಡಿಕೊಂಡು ಹೋದ.

ಮಾರನೆಯ ದಿನ ಪತ್ರಿಕೆಯಲ್ಲಿ ಬಂತು: 'ತಂಡ ಮಾರಲು ಮಾಲೀಕರ ನಕಾರ. ಓಡಬಾರದು, ಉರುಳಬೇಕು: ಹೊಸ ಆಟದ ಸಿದ್ಧಾಂತ.' ದಲ್ಲಾಳಿ ಚಹಾದ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದ, ಪಕ್ಕದಲ್ಲಿ ವರದಿಗಾರ ಕೂತಿದ್ದ.

ಪತ್ರಿಕೆ ಹಿಡಿದುಕೊಂಡು ಮೊದಲು ಬಂದವನು ಎದುರಿನ ಕ್ಷೌರದ ಅಂಗಡಿಯವನು. "ತಗಡಿನ ಕೋಣೆಯಲ್ಲಿ ಕೂತು ಮಾತಾಡಿದರು ಅಂತ ಬರೆದಿದ್ದಾರೆ. ಆ ಕೋಣೆಯಲ್ಲಿ ಇರೋದು ನೀವೊಬ್ರೇ. ಇಪ್ಪತ್ತೆರಡು ವರ್ಷ ನಮ್ಮ ಕಣ್ಣಿಗೆ ಮಣ್ಣು ಎರಚಿ ಮಾಲಿ ವೇಷ ಹಾಕ್ಕೊಂಡಿದ್ರಲ್ಲ, ಭಲೇ ಆಸಾಮಿ ನೀವು!"

"ಅಯ್ಯೋ, ಅದು ಉರುಳೆ ಕಣಯ್ಯಾ!"

"ಗೊತ್ತು, ಉರುಳೋ ಸಿದ್ಧಾಂತ. ಓದ್ದೆ."

ಹತ್ತು ಗಂಟೆಯ ಹೊತ್ತಿಗೆ, ಒಂದು ವರ್ಷದಿಂದ ಅವನ ಏಣಿ ಇಟ್ಟುಕೊಂಡಿದ್ದ ಪಕ್ಕದ ಮನೆಯವರು ಏಣಿಯನ್ನು ತೊಳೆದು ತಂದು ಒಪ್ಪಿಸಿದರು. ಹೆಂಡತಿಯ ಚಿಕ್ಕಪ್ಪ ಮೂರು ಬಸ್ಸು ಬದಲಾಯಿಸಿ ಬಂದು, ತಮ್ಮ ಅಳಿಯನನ್ನು ಗೋಲ್‌ಕೀಪರ್ ಮಾಡಬೇಕೆಂದು ಪಟ್ಟು ಹಿಡಿದು ಕೂತರು. ಅಳಿಯನಿಗೆ ವಯಸ್ಸೆಷ್ಟು ಎಂದರೆ, "ನಲವತ್ತೆಂಟು, ಆದ್ರೆ ಗೋಲು ಪೂರ್ತಿ ತುಂಬ್ತಾನೆ," ಎಂದರು. ಎಲ್ಲಕ್ಕಿಂತ ಹೆಚ್ಚಿನದು ತರಬೇತುದಾರನದು. ಮಾಲೀಕರ ಅಪ್ಪಣೆ ಎಂದು ನಂಬಿ ಅವನು ಹುಡುಗರಿಗೆ, "ಓಡಬೇಡಿ, ಉರುಳಿಸಿ," ಎಂದು ಹೇಳಿಕೊಟ್ಟ. ಭಾನುವಾರದ ಪಂದ್ಯದಲ್ಲಿ ಅವರು ಚೆಂಡನ್ನು ಅಷ್ಟು ನಿಧಾನಕ್ಕೆ ಅವನಿಂದ ಇವನಿಗೆ, ಇವನಿಂದ ಅವನಿಗೆ ಉರುಳಿಸಿದರು ಎಂದರೆ, ಎದುರಾಳಿಗಳಿಗೆ ಕಾದು ಕಾದು ಆಕಳಿಕೆ ಬಂತು. ಪಂದ್ಯ ಸಮಸಮ. ಎಂಟು ತಿಂಗಳಲ್ಲಿ ಮೊದಲ ಸಲ ತಂಡ ಸೋಲದೆ ಉಳಿದಿತ್ತು. ಜನ ಹುಚ್ಚೆದ್ದು ಕೂಗಿದರು, ಆದರೆ ಬಲಗಡೆಯ ಗೋಲಿನ ಮುಂದೆ ಮಾತ್ರ ಯಾರೂ ಕುಣಿಯಲಿಲ್ಲ.

"ನೋಡ್ರೀ," ಎಂದಳು ಹೆಂಡತಿ, ಚಿಕ್ಕಪ್ಪನಿಗೆ ಬಡಿಸಿ ಬಡಿಸಿ ಸುಸ್ತಾದವಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಿಮಗೆ ಐಶ್ವರ್ಯನೂ ಬರಲಿಲ್ಲ, ಕೊಡೆ ಮಾತ್ರ ಹಿಡ್ಕೊಂಡು ನಿಂತಿದ್ದೀರಿ. ಆ ಬಿಳಿ ಬೂಟಿನವನು ಮತ್ತೆ ಬಂದ್ರೆ ನಿಜ ಹೇಳಿಬಿಡಿ."

"ಹೇಳ್ತೀನಿ ಕಣೇ. ನನಗೂ ಸಾಕಾಗಿದೆ."

ಖಂಡಿತ ಹೇಳುತ್ತಿದ್ದ. ಬಿಳಿ ಬೂಟಿನವನು ಬುಧವಾರ ಬಂದಾಗ ಹುಲ್ಲಪ್ಪ ಕೈ ತೊಳೆದುಕೊಂಡು, ತಲೆ ಬಾಚಿಕೊಂಡು, "ಸ್ವಾಮಿ, ನಾನು ಮಾಲಿ..." ಎಂದು ಶುರು ಮಾಡಿಯೂ ಬಿಟ್ಟಿದ್ದ. ಅಷ್ಟರಲ್ಲಿ ದಲ್ಲಾಳಿ, "ಮಾಲಿಕರೇ, ಇನ್ನು ಹಟ ಸಾಕು," ಎಂದು ಮಾತು ಕಸಿದುಕೊಂಡ. "ಭಾನುವಾರದ ಆಟ ನೋಡಿ ಧಣಿಗಳು ಬೆಲೆ ಏರಿಸಿದ್ದಾರೆ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಈ ಹುಲ್ಲಿನ ಗೋಳು ಎಷ್ಟು ದಿನ ಅನುಭವಿಸ್ತೀರಿ? ಧಣಿಗಳು ಇದನ್ನೆಲ್ಲ ಕಿತ್ತು ಬಿಸಾಕಿ ಪ್ಲಾಸ್ಟಿಕ್ ಹುಲ್ಲು ಹಾಸ್ತಾರೆ. ಅವರದೇ ಕಾರ್ಖಾನೆ, ಬಕೆಟ್ ಮಾಡಿ ಉಳಿದ ಪ್ಲಾಸ್ಟಿಕ್ಕು. ನೀರು ಬೇಡ, ಗೊಬ್ಬರ ಬೇಡ, ಮಾಲಿನೂ ಬೇಡ! ತಂಡ ಅವರ ಊರಿಗೆ ಹೋಗುತ್ತೆ, ಇಲ್ಲಿ ಮೈದಾನನ ಮದುವೆ ಆರತಕ್ಷತೆಗೆ ಬಾಡಿಗೆ ಕೊಡ್ತಾರೆ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಎಣ್ಣೆ ಕುಡಿದ ಆ ನೆಲ, ಮೂರು ವರ್ಷದ ಮೊಣಕಾಲು ನೋವು, ಮೊದಲ ಸಲ ಚಿಗುರು ಕಂಡ ಬೆಳಿಗ್ಗೆ ಇಬ್ಬರೂ ಬಗ್ಗಿ ಬಗ್ಗಿ ನೋಡಿದ್ದು, ಎಲ್ಲ ಒಟ್ಟಿಗೆ ಹುಲ್ಲಪ್ಪನ ಕಣ್ಣ ಮುಂದೆ ಬಂತು. ಬಂದದ್ದು ಸಿಟ್ಟಾಗಿ ಹೊರಬಿತ್ತು.

"ಕೊಡಲ್ಲ!" ಎಂದು ಕೂಗಿದ. "ಹೋಗಿ ಹೇಳ್ರೀ ನಿಮ್ಮ ಬಕೆಟ್ಟಿಗೆ! ನನ್ನ ಜೀವ ಇರೋ ತನಕ ಇಲ್ಲಿ ಒಂದು ಕಡ್ಡಿ ಕೀಳೋದಕ್ಕೆ ಬಿಡಲ್ಲ. ಆ ಐದು ಷರತ್ತಲ್ಲಿ ಒಂದು ಅಕ್ಷರ ಹೆಚ್ಚಾಗಂಗಿಲ್ಲ, ಒಂದು ಅಕ್ಷರ ಕಮ್ಮಿ ಆಗಂಗಿಲ್ಲ!"

"ಅಂದ್ರೆ... ಐದು ಷರತ್ತು ಹಾಗೇ ಬರೆದ್ರೆ ಆಗಬಹುದು ಅಂತ?"

"ಮೊದಲು ಆ ಬೂಟು ನನ್ನ ಹುಲ್ಲಿಂದ ತೆಗೀರಿ!"

ದಲ್ಲಾಳಿ ಬೂಟು ಕೈಯಲ್ಲಿ ಹಿಡಿದು ಓಡಿದ. ಒಳಗಿಂದ ಹೆಂಡತಿ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ನಿಜ ಹೇಳಿದ್ರಾ?"

"ಇಲ್ಲ."

"ಒಳ್ಳೇದಾಯ್ತು," ಎಂದಳು ಅವಳು. "ನನ್ನ ಮೂಲೆ ಕೀಳೋದಕ್ಕೆ ಬರಲಿ ಅವನು, ಕೈ ಮುರೀತೀನಿ."

ಇತ್ತ ಹಾಸಿಗೆ ಸಾಹುಕಾರರು ಪತ್ರಿಕೆ ನೋಡಿ ಕಂಗಾಲಾಗಿದ್ದರು. ತಂಡ ಹೇಗಾದರೂ ಕೈ ಬಿಟ್ಟರೆ ಸಾಕು ಎಂದು ಹಾರೈಸುತ್ತಿದ್ದ ತಾವು ಯಾವಾಗ, ಯಾರ ಹತ್ತಿರ 'ಮಾರುವುದಿಲ್ಲ' ಎಂದದ್ದು ಎಂದು ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಲೆ ಏರಿದೆ ಎಂಬ ಸುದ್ದಿ ಬಂದಾಗ ಯೋಚಿಸುವುದನ್ನು ಬಿಟ್ಟರು. ಇದೆಲ್ಲ ಕ್ಲಬ್ಬಿನ ಮ್ಯಾನೇಜರನ ಚಾಲಾಕಿತನ ಎಂದುಕೊಂಡು ಅವನ ಬೆನ್ನು ತಟ್ಟಿ, ಮಾರಲು ಒಪ್ಪಿಗೆ ಎಂದು ಧಣಿಗಳಿಗೆ ಕಾಗದ ಬರೆಸಿದರು. ಮ್ಯಾನೇಜರ್ ತನಗೆ ಏನೂ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಬೆನ್ನು ತಟ್ಟಿಸಿಕೊಂಡು ಎಷ್ಟೋ ವರ್ಷವಾಗಿತ್ತು, ಸುಮ್ಮನಿದ್ದ.

ಸಹಿ ಹಾಕುವ ದಿನ ಎಲ್ಲರೂ ಮೈದಾನದ ಪಕ್ಕದ ಕ್ಲಬ್ಬಿನ ಕೋಣೆಯಲ್ಲಿ ಸೇರಿದರು. ಮೇಜಿನ ಒಂದು ಕಡೆ ಹಾಸಿಗೆ ಸಾಹುಕಾರರು, ಇನ್ನೊಂದು ಕಡೆ ಬಕೆಟ್ ಧಣಿಗಳು, ನಡುವೆ ದಪ್ಪ ಕನ್ನಡಕದ ವಕೀಲರು. ಮಾಲೀಕರ ಕುರ್ಚಿಯಲ್ಲಿ ತಾನು ಕಂಡೇ ಇರದ ಮನುಷ್ಯ ಕೂತಿರುವುದನ್ನು ದಲ್ಲಾಳಿ ನೋಡಿದ. ಕಿಟಕಿಯಾಚೆ, ಪೈಪು ಹಿಡಿದು ನೀರು ಬಿಡುತ್ತಿದ್ದ 'ಮಾಲಿಕ'ರನ್ನೂ ನೋಡಿದ. ಅವನ ಬಾಯಿ ತೆರೆಯಿತು. ಕಮಿಷನ್ ನೆನಪಾಯಿತು. ಬಾಯಿ ಮುಚ್ಚಿಕೊಂಡಿತು.

ವಕೀಲರು ಷರತ್ತುಗಳನ್ನು ಓದತೊಡಗಿದರು. ಬೂಟುಗಾಲಲ್ಲಿ ಹುಲ್ಲು ತುಳಿಯಬಾರದು ಎಂದಾಗ ಸಾಹುಕಾರರು, ಕೊಳ್ಳುವವರು ಎಂಥ ಶಿಸ್ತಿನವರು ಎಂದುಕೊಂಡು ತಲೆದೂಗಿದರು. ಧಣಿಗಳು, ಮಾರುವವರಿಗೆ ಹುಲ್ಲಿನ ಮೇಲೆ ಎಷ್ಟು ಮೋಹ ಎಂದುಕೊಂಡು ತಾವೂ ತಲೆದೂಗಿದರು.

"ಗೇಟಿನ ಒಳಗೆ ಇರುವ ಯಾವುದನ್ನೂ..."

"ಆಗಲಿ, ಆಗಲಿ," ಎಂದರು ಸಾಹುಕಾರರು, ಎದುರಿನವರ ಮನಸ್ಸು ನೋಯಿಸಬಾರದೆಂದು.

"ನಮ್ಮದೇನೂ ತಕರಾರಿಲ್ಲ," ಎಂದರು ಧಣಿಗಳು, ಅದೇ ಕಾರಣಕ್ಕೆ.

"ಮಾಲಿ ಊಟ ಮಾಡುವಾಗ ಯಾರೂ ಕರೆಯಬಾರದು. ಇಲ್ಲಿ ಮಾಲಿ ಅಂತ ಇದೆ," ಎಂದು ವಕೀಲರು ಕನ್ನಡಕ ಸರಿಮಾಡಿಕೊಂಡರು.

"ಟೈಪಿಸ್ಟ್ ತಪ್ಪು ಸ್ವಾಮಿ, ಮುಂದೆ ಓದಿ!" ಎಂದ ದಲ್ಲಾಳಿ, ಹಣೆ ಒರೆಸಿಕೊಳ್ಳುತ್ತ.

ಒಟ್ಟಿನಲ್ಲಿ ಐದೂ ಷರತ್ತು ಯಾರದೆಂದು ಯಾರಿಗೂ ಗೊತ್ತಿಲ್ಲದೆ, ಪ್ರತಿಯೊಬ್ಬರೂ ಅದು ಇನ್ನೊಬ್ಬರದೆಂದು ನಂಬಿ, ಪ್ರತಿ ಪುಟಕ್ಕೂ ಸಹಿ ಹಾಕಿದರು. ಕಿಟಕಿಯ ಕೆಳಗೆ ಹುಲ್ಲಪ್ಪ ಪೈಪು ಹಿಡಿದು ನಿಂತಲ್ಲೇ ನಿಂತಿದ್ದ. ಪೈಪಿನ ನೀರು ಒಂದೇ ಕಡೆ ಬಿದ್ದು ಕೆಸರಾದದ್ದೂ ಅವನಿಗೆ ತಿಳಿಯಲಿಲ್ಲ. ಮೊದಲು ಕಿವಿಗೆ ಬಿದ್ದದ್ದು ತಂಡ ಹೋಯಿತು ಎಂಬುದು. ಆಮೇಲೆ ನಿಧಾನಕ್ಕೆ, ಒಳಗೆ ಓದಿದ್ದು ತಾನು ರಟ್ಟಿನ ಮೇಲೆ ಬರೆದ ಮಾತುಗಳೇ ಅಲ್ಲವೇ ಎಂಬುದು ತಲೆಗೆ ಇಳಿಯಿತು. ಕೆಲವರ ತಲೆಗೆ ಯಾವುದೂ ಬೇಗ ಇಳಿಯುವುದಿಲ್ಲ, ಆದರೆ ಇಳಿದದ್ದು ಅಲ್ಲೇ ಬೇರು ಬಿಡುತ್ತದೆ.

ಸೋಮವಾರ ಬೆಳಿಗ್ಗೆ ಹಸಿರು ಪ್ಲಾಸ್ಟಿಕ್ ಸುರುಳಿ ತುಂಬಿದ ಎರಡು ಲಾರಿಗಳು ಗೇಟಿನ ಮುಂದೆ ಬಂದು ನಿಂತವು. ಒಳಗೆ ಹೋಗಲು ದಾರಿ ಇರಲಿಲ್ಲ. ಗೇಟಿಗೆ ಅಡ್ಡಲಾಗಿ ಕಬ್ಬಿಣದ ಉರುಳೆ, ಉರುಳೆಯ ಮೇಲೆ ಹುಲ್ಲಪ್ಪ, ಪಕ್ಕದಲ್ಲಿ ಸೌಟು ಹಿಡಿದ ಹೆಂಡತಿ. ಗೇಟಿನ ಹೊರಗೆ ರಸ್ತೆಬದಿಗೆ ಕ್ಷೌರದವನು, ಏಣಿಯವರು, ತಂಡದ ಹನ್ನೊಂದು ಜನ ಆಟಗಾರರು. ಹೆಂಡತಿಯ ಚಿಕ್ಕಪ್ಪನೂ ಇದ್ದರು. ಅವರು ಇನ್ನೂ ಹೋಗಿರಲಿಲ್ಲ.

ಹಿಂದಿನ ಕಾರಿನಿಂದ ಬಕೆಟ್ ಧಣಿಗಳು ಇಳಿದರು. ವಕೀಲರೂ ದಲ್ಲಾಳಿಯೂ ಇಳಿದರು.

"ಯಾರಯ್ಯ ಇವನು? ಏಳಯ್ಯ ಮೇಲೆ!" ಎಂದರು ಧಣಿಗಳು.

"ಏಳಲ್ಲ," ಎಂದ ಹುಲ್ಲಪ್ಪ. "ವಕೀಲರೇ, ಕಾಗದ ತಂದಿದ್ದೀರಾ? ಮೂರನೇ ಷರತ್ತು ಓದಿ."

ವಕೀಲರು ರೂಢಿಯಂತೆ ಓದಿದರು. "ಮಾಲಿಯ ಒಪ್ಪಿಗೆ ಇಲ್ಲದೆ ಹುಲ್ಲಿನ ಮೇಲೆ ಏನನ್ನೂ ಹಾಸಬಾರದು, ಹರಡಬಾರದು, ಒಣಹಾಕಬಾರದು."

ಧಣಿಗಳು ಹೊಟ್ಟೆ ಕುಲುಕಿಸಿ ನಕ್ಕರು. "ಮಾಲಿಕನ ಒಪ್ಪಿಗೆ ತಾನೇ? ಈಗ ನಾನೇ ಮಾಲಿಕ. ನನಗೆ ನಾನೇ ಒಪ್ಪಿಗೆ ಕೊಟ್ಟಿದ್ದೀನಿ. ಸಾಕಾ?"

"'ಕ' ಎಲ್ಲಿದೆ ಸ್ವಾಮಿ?" ಎಂದ ಹುಲ್ಲಪ್ಪ.

"ಏನು?"

"ಮಾಲಿಕ ಅಂದ್ರಲ್ಲ. ಕಾಗದದಲ್ಲಿ 'ಕ' ಎಲ್ಲಿದೆ, ತೋರಿಸಿ. ನಾನು ಬರೆದದ್ದು ಮಾಲಿ. ಮಾಲಿ ಅಂದ್ರೆ ನಾನು. ನನ್ನ ಒಪ್ಪಿಗೆ ಇಲ್ಲ."

ವಕೀಲರು ಕಾಗದವನ್ನು ಮೂಗಿನ ಹತ್ತಿರ ತಂದರು, ಬೆಳಕಿಗೆ ಹಿಡಿದರು, ತಿರುಗಿಸಿಯೂ ನೋಡಿದರು. "'ಕ' ಇಲ್ಲ," ಎಂದರು ಕೊನೆಗೆ. "ಪ್ರತಿ ಪುಟದಲ್ಲೂ ತಮ್ಮ ಸಹಿ ಇದೆ."

"ಟೈಪಿಸ್ಟ್ ತಪ್ಪು ಅಂದ್ರಲ್ರೀ!"

"ಅಂದದ್ದು ದಲ್ಲಾಳಿ. ಸಹಿ ಹಾಕಿದ್ದು ತಾವು."

ದಲ್ಲಾಳಿ ತನ್ನ ಬಿಳಿ ಬೂಟುಗಳನ್ನು ಆಗಲೇ ಮೊದಲ ಸಲ ನೋಡುವವನಂತೆ ನೋಡುತ್ತ ನಿಂತ.

"ಸರಿ, ಹಾಳಾಗಿ ಹೋಗಲಿ ಹುಲ್ಲು! ತಂಡನ ನಮ್ಮ ಊರಿಗೆ ಸಾಗಿಸಿ!"

"ಎರಡನೇದು ಓದಿ," ಎಂದಳು ಹೆಂಡತಿ.

ವಕೀಲರು ಓದಿದರು. ಗೇಟಿನ ಒಳಗೆ ಇರುವ ಯಾವುದನ್ನೂ ಯಾರೂ ಗೇಟಿನ ಆಚೆ ಸಾಗಿಸಬಾರದು. ಅದನ್ನು ಕೇಳಿದ್ದೇ ತಡ, ಆಟಗಾರರು ಹನ್ನೊಂದು ಜನರೂ ಉರುಳೆ ಹತ್ತಿ ದುಡುದುಡು ಗೇಟಿನ ಒಳಕ್ಕೆ ಹಾರಿದರು. ಅವರು ಅಷ್ಟು ಜೋರಾಗಿ ಓಡಿದ್ದನ್ನು ಊರು ಎಂದೂ ಕಂಡಿರಲಿಲ್ಲ.

ಧಣಿಗಳ ಮುಖ ಅವರ ಕಾರ್ಖಾನೆಯ ಕೆಂಪು ಬಕೆಟ್ಟಿನ ಬಣ್ಣಕ್ಕೆ ತಿರುಗಿತು. "ನಿನ್ನನ್ನ ಕೆಲಸದಿಂದ ತೆಗೆದಿದ್ದೀನಿ! ಈಗಲೇ ಇವನನ್ನ ಎತ್ತಿ ಆಚೆ ಹಾಕ್ರೋ!"

ವಕೀಲರು ಕೆಮ್ಮಿದರು. "ಅದೂ ಕಷ್ಟ. ಸಹಿಯ ದಿನ ಇವರು ಗೇಟಿನ ಒಳಗೇ ಇದ್ದರು. ಕಿಟಕಿಯಿಂದ ನಾನೇ ನೋಡಿದ್ದೀನಿ. ಎರಡನೇ ಷರತ್ತು ಇವರಿಗೂ ಅನ್ವಯ ಆಗುತ್ತೆ."

ಲಾರಿಯ ಚಾಲಕನೊಬ್ಬ ಕಿಸಕ್ಕನೆ ನಕ್ಕ. ಒಬ್ಬ ನಕ್ಕದ್ದೇ ಸಾಕಾಯಿತು, ರಸ್ತೆಗೆ ರಸ್ತೆಯೇ ನಕ್ಕಿತು. ಹುಲ್ಲಪ್ಪ ಮಾತ್ರ ನಗಲಿಲ್ಲ. ಉರುಳೆಯ ಮೇಲೆ ಎದ್ದು ನಿಂತ.

"ಸ್ವಾಮಿ, ನೀವು ತಂಡ ಕೊಂಡಿದ್ದೀರಿ, ಬೇಡ ಅನ್ನಲ್ಲ. ಮಾಲಿಕ ನೀವೇ. ಚೆಂಡು ನಿಮ್ಮದು, ಕಂಬ ನಿಮ್ಮದು, ಕ್ಲಬ್ಬಿನ ಗೋಡೆಯ ಆ ಗಡಿಯಾರನೂ ನಿಮ್ಮದು, ಅದು ಓಡಲ್ಲ. ಆದ್ರೆ ಈ ಹುಲ್ಲನ್ನ ನಾನೂ ಇವಳೂ ನೆಟ್ಟಿದ್ದೀವಿ. ಮಾಲಿಕರು ನನ್ನ ಕಾಲಕ್ಕೇ ನಾಲ್ಕು ಜನ ಬಂದ್ರು, ನಾಲ್ಕು ಜನ ಹೋದ್ರು. ಮಾಲಿ ನಾನೊಬ್ನೇ. ಲಾರಿ ತಿರುಗಿಸಿ."

ಧಣಿಗಳು ವಕೀಲರ ಮುಖ ನೋಡಿದರು, ವಕೀಲರು ಆಕಾಶ ನೋಡಿದರು. ಲಾರಿಗಳು ತಿರುಗಿದವು.

ಮಧ್ಯಾಹ್ನದ ಹೊತ್ತಿಗೆ ಭಾವಮೈದುನ ಬಣ್ಣದ ಡಬ್ಬಿ ಹಿಡಿದು ಓಡೋಡಿ ಬಂದ. "ಭಾವಾ, ಊರೆಲ್ಲ ನಿಮ್ಮದೇ ಮಾತು! ಈ ಸಲ ನೀರು ಬೆರೆಸಲ್ಲ. 'ಕೊಠಡಿ' ಪೂರ್ತಿ ಬರೀಲಾ? ಇಲ್ಲ 'ಮಾಲೀಕ' ಅಂತ್ಲೇ ದೀರ್ಘ ಎಳೆದು ಮಾಡ್ಲಾ?"

ಹುಲ್ಲಪ್ಪ ತೊಳೆದ ಏಣಿಯನ್ನು ಬಾಗಿಲಿಗೆ ಒರಗಿಸಿ ಹತ್ತಿದ. ಹುಲ್ಲು ಕೀಳುವ ಕುರ್ಚಿಗೆಯಿಂದ 'ಕ'ವನ್ನು ಕೆರೆದು ಕೆರೆದು ತೆಗೆದ. ಮೂರು ವರ್ಷ ಜೋಪಾನ ಮಾಡಿದ ಅಕ್ಷರ ಹಿಟ್ಟಾಗಿ ಹೊಸಿಲ ಮೇಲೆ ಬಿತ್ತು.

"ಒತ್ವ ತೆಗೆದದ್ದೂ ನಾನೇ ಕಣೇ," ಎಂದ ಮೇಲಿನಿಂದ, ಹೆಂಡತಿಯ ಕಡೆ ನೋಡದೆ.

"ನನಗೆ ಆವತ್ತೇ ಗೊತ್ತಿತ್ತು," ಎಂದಳು ಅವಳು. "ಇಳೀರಿ. ಊಟಕ್ಕೆ ಹಾಕಿದ್ದೀನಿ."

ಊಟಕ್ಕೆ ಕೂತು ಎರಡು ತುತ್ತು ಇಳಿದಿರಲಿಲ್ಲ, ಹೊರಗೆ ಯಾರೋ ಕೆಮ್ಮಿದರು. ಹೆಂಡತಿ ಬಾಗಿಲ ಸಂದಿಯಲ್ಲಿ ಇಣುಕಿದಳು. ಬಕೆಟ್ ಧಣಿಗಳು ಒಬ್ಬರೇ ನಿಂತಿದ್ದರು. ಎರಡೂ ಬೂಟು ಕೈಯಲ್ಲಿದ್ದವು. ಬರಿಗಾಲಲ್ಲಿ ಇ‌ಡೀ ಮೈದಾನ ಸುತ್ತಿ ಬಂದಿದ್ದರು, ಪಾದಕ್ಕೆ ಹುಲ್ಲಿನ ಒದ್ದೆ ಅಂಟಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿಕೊಳ್ಳುತ್ತಿದ್ದರು. ಬೋರ್ಡನ್ನು ಒಂದು ಸಲ ಓದಿದರು. ಓದಲು ಬಹಳವೇನೂ ಇರಲಿಲ್ಲ.

"ಮಾಲಿಯವರೇ," ಎಂದು ಕರೆದರು. "ಒಂದು ಮಾತು ಕೇಳೋದಿತ್ತು."

ಹುಲ್ಲಪ್ಪ ತುತ್ತು ಬಾಯಿಗಿಟ್ಟುಕೊಂಡ. ನಿಧಾನಕ್ಕೆ ಅಗಿದ, ನುಂಗಿದ, ನೀರು ಕುಡಿದ.

"ನಾಲ್ಕನೇದು ಓದಿಲ್ವಾ?" ಎಂದ.

ಧಣಿಗಳು ಬೂಟುಗಳನ್ನು ಜೋಡಿಸಿ ಕೆಳಗಿಟ್ಟು, ಹೊಸಿಲ ಪಕ್ಕದಲ್ಲಿ ಕಾಯುತ್ತ ಕೂತರು. ಹುಲ್ಲಪ್ಪ ಹೆಂಡತಿಗೆ ಸನ್ನೆ ಮಾಡಿ ಇನ್ನೂ ಒಂದು ಸೌಟು ಹಾಕಿಸಿಕೊಂಡ.